ಬಾಣಂತಿ ಹೊರಸು

ತಾವರಗೇರಾದ ನಮ್ಮ ಓಣಿಯಲ್ಲಿ ಹನುಮಪ್ಪನ ಗುಡಿಯ ಮುಂದೆ ಒಂದು ಗುಂಡುಕಲ್ಲು ಬಿದ್ದಿರುತ್ತಿತ್ತು. ಹಬ್ಬ ಬಂದರೆ ಓಣಿಯ ಗಂಡಸರೆಲ್ಲ ಅದನ್ನು ಎತ್ತಲು ನೆರೆಯುತ್ತಿದ್ದರು. ಬಹಳ ಜನ ಮೊಣಕಾಲಿನ ಮಟ್ಟಕ್ಕೆ ತಂದು ಕೆಳಗೆ ಬಿಟ್ಟು, ಕೈಗೆ ಎಣ್ಣೆ ಜಿಡ್ಡು ಹತ್ತಿತ್ತೆಂದು ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದರು. ವಿರೂಪಾಕ್ಷಪ್ಪ ಮಾತ್ರ ಅದನ್ನು ಹೆಗಲಿಗೇರಿಸಿ, ಬೆನ್ನ ಹಿಂದೆ ಒಗೆದು, ಮೀಸೆಯ ಮೇಲೆ ಕೈಯೆಳೆದುಕೊಂಡು ಮನೆಗೆ ಹೋಗುತ್ತಿದ್ದ. ಅಂಥವನು ಮುಖ ತೊಳೆದುಕೊಂಡರೆ ಸಾಕು, ಉಸ್ಸೆಂದು ಹೊಸ್ತಿಲ ಮೇಲೆ ಕೂರುತ್ತಾನೆ ಎಂದರೆ ಯಾರು ನಂಬಬೇಕು? ನಮ್ಮ ಓಣಿಗೆ ಕಣ್ಣಿಗೆ ಕಾಣುವ ರೋಗದ ಮೇಲೆ ಮಾತ್ರ ವಿಶ್ವಾಸ. ಕಾಲು ಮುರಿದಿರಬೇಕು, ಇಲ್ಲವೇ ಮೈಮೇಲೆ ಗುಳ್ಳೆ ಎದ್ದಿರಬೇಕು. ಎರಡೂ ಇಲ್ಲವೆಂದರೆ ಅದು ರೋಗವಲ್ಲ, ಸೋಗು.

ಅದು ಯುದ್ಧ ನಡೆದಿದ್ದ ಕಾಲ. ಗಂಗಾವತಿ ಕಡೆಯ ಕಾಲುವೆ ಗದ್ದೆಗಳ ಭತ್ತ ತರಲು ಹೋದ ವಿರೂಪಾಕ್ಷಪ್ಪ ಭತ್ತದ ಜತೆಗೆ ಚಳಿಜ್ವರವನ್ನೂ ಬಂಡಿಯಲ್ಲಿ ಹಾಕಿಕೊಂಡು ಬಂದ. ಕೊಯಿನಾ ಗುಳಿಗೆ ನುಂಗಿದ ಮೇಲೆ ಜ್ವರ ಬಿಟ್ಟಿತು. ಅದರ ಬೆನ್ನಿಗೆ ಬಂದ ದಣಿವು ಬಿಡಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂದರೂ ಬೀಗರ ಮನೆಗೆ ಬಂದ ಸೋಮಾರಿ ನೆಂಟನ ಹಾಗೆ ಮೈಯಲ್ಲೇ ತಳವೂರಿತ್ತು. ಇಡೀ ಇರುಳು ಮಲಗಿ ಎದ್ದರೂ ಹೊಲ ಹೊಡೆದು ಬಂದಂತೆ ಮೈ ನೋಯುತ್ತಿತ್ತು. ಯಾರಾದರೂ ಬಂದು ಒಂದಿಷ್ಟು ಹೊತ್ತು ಮಾತಾಡಿಸಿ ಹೋದರೆ, ಆಮೇಲೆ ಅವನಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ಕುಷ್ಟಗಿಯ ಡಾಕ್ಟರರು ಎದೆಗೆ ಕೊಳವೆಯಿಟ್ಟು ನೋಡಿ, ಜ್ವರ ಹೋಗಿದೆ, ಚೆನ್ನಾಗಿ ಉಂಡು ಮಲಗು ಎಂದರು. ಕೊಪ್ಪಳದ ಹಕೀಮರು ಕರಿಯ ಲೇಹ್ಯ ಕೊಟ್ಟರು. ಲೇಹ್ಯ ರುಚಿಯಾಗಿತ್ತು, ಮುಗಿಯಿತು. ದಣಿವು ಇದ್ದಲ್ಲೇ ಇತ್ತು.

“ತಂಗಿ ದುಡದ ಹಾಕಾಕತ್ತಾಳ, ಅಣ್ಣ ತಿಂದು ಮಲಗ್ಯಾನ,” ಎಂದು ಓಣಿ ಆಡಿಕೊಂಡಿತು. ಆಡಿಕೊಂಡದ್ದು ಅವನ ಕಿವಿಗೂ ಬಿತ್ತು. ಎದ್ದು ಹೋಗಿ ಒಬ್ಬೊಬ್ಬರ ಕೊರಳಪಟ್ಟಿ ಹಿಡಿದು ಕೇಳಬೇಕೆನ್ನಿಸಿತು, ಏಳಲು ಆಗಲಿಲ್ಲ. ಆಗದೇ ಹೋದದ್ದರಿಂದ ಓಣಿಯ ಮಾತೇ ನಿಜವಿರಬಹುದೇ ಎಂಬ ನಾಚಿಕೆ ಒಳಗೆ ಹೊಕ್ಕಿತು. ಮೈಗಳ್ಳನಿಗೆ ತಾನು ಮೈಗಳ್ಳನೆಂದು ಗೊತ್ತಿರುತ್ತದೆಯೇ ಎಂದು ಅವನು ಮಾಡಿನ ತೊಲೆ ನೋಡುತ್ತ ಯೋಚಿಸುತ್ತಿದ್ದ.

ಮನೆಯಲ್ಲಿದ್ದವರು ಇಬ್ಬರೇ. ವಿರೂಪಾಕ್ಷಪ್ಪನ ಹೆಂಡತಿ ಪ್ಲೇಗಿನ ವರ್ಷ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತಂಗಿ ಪಂಪಾವತಿ ಕೊಟ್ಟ ಮನೆಯಲ್ಲಿ ಬಾಳುವ ಮುಂಚೆಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಈಗ ಮನೆ, ಜೋಳ-ಶೇಂಗಾದ ಅಂಗಡಿ, ಎರಡನ್ನೂ ಅವಳೇ ನೋಡುತ್ತಿದ್ದಳು. ಮಾತು ಕಡಿಮೆ. ತಕ್ಕಡಿ ಹಿಡಿದರೆ ಗಂಡಸರು ಚೌಕಾಸಿ ಮರೆತು ಸುಮ್ಮನೆ ಚೀಲ ಒಡ್ಡುತ್ತಿದ್ದರು.

ಅವಳಿಗೆ ಉಡಿಕೆಯ ಮಾತು ನಡೆದಿತ್ತು. ಗಂಡ ಸತ್ತವಳು ಮತ್ತೊಬ್ಬನ ಕೈಯಿಂದ ಸೀರೆ ಉಟ್ಟು ಸಂಸಾರ ಹೂಡುವುದು ಅವರ ಮಂದಿಯಲ್ಲಿ ನಡೆಯುತ್ತದೆ, ತಪ್ಪಲ್ಲ. ಯಲಬುರ್ಗಿಯ ಹಂಪಣ್ಣ ಅರಿವೆ ವ್ಯಾಪಾರಿ, ಹೆಂಡತಿ ಇಲ್ಲದವನು. ಅವನು ನಮ್ಮೂರ ಸಂತೆಗೆ ಬಂದಾಗ ಪಂಪಾವತಿ ಅವನ ಅಂಗಡಿಯಲ್ಲಿ ಥಾನುಗಟ್ಟಲೆ ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದಿದ್ದಳಂತೆ. ಅವನು ಮುಖ ಸಿಂಡರಿಸದೆ ಎಲ್ಲವನ್ನೂ ಮತ್ತೆ ಮಡಚಿಟ್ಟು, “ಮುಂದಿನ ಸಂತಿಗೆ ಹೊಸಾವು ಬರ್ತಾವ್ರಿ,” ಅಂದನಂತೆ. ಆ ಮಾತು ಅವಳ ಮನಸ್ಸಿಗೆ ಹಿಡಿಸಿತ್ತು. ಹಂಪಣ್ಣನೂ ಕೇಳಿ ಕಳಿಸಿದ. ಆದರೆ ಅವಳು ಅಣ್ಣನಿಗೆ ಒಂದು ಮಾತು ಹೇಳಿದಳು.

“ನೀ ಅಂಗಡ್ಯಾಗ ಕುಂತು ತಕ್ಕಡಿ ಹಿಡಿಯೂ ಹಂಗಾಗು ಅಣ್ಣ. ಅವತ್ತ ನಾ ಯಲಬುರ್ಗಿ ಬಂಡಿ ಹತ್ತತೀನಿ. ನಿನ್ನ ಹಿಂಗ ಬಿಟ್ಟು ನಾ ಹೋಗಂಗಿಲ್ಲ.”

ಹೀಗೆ ತಂಗಿಯ ಬಾಳು ಅಣ್ಣನ ಮೈಯ ಮೇಲೆ ನಿಂತಿತು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದ ಮೈ ಇನ್ನೂ ಭಾರವಾಯಿತು.

ಪುಷ್ಯಮಾಸದ ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವನು ನೀರೊಲೆಯ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ. ಒಲೆ ಉರಿಯುತ್ತಿತ್ತು, ಗೋಡೆ ಬೆಚ್ಚಗಿತ್ತು. ಬಹಳ ಹೊತ್ತು ಬರಲಿಲ್ಲವೆಂದು ಪಂಪಾವತಿ ಗಾಬರಿಯಿಂದ ನೋಡಿದರೆ ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಅಂದು ಮಧ್ಯಾಹ್ನ ಅವನೇ ತಾಟು ತೆಗೆದುಕೊಂಡು ಉಣ್ಣಲು ಬಂದು ಕೂತ, ಇನ್ನೊಂದು ರೊಟ್ಟಿ ಕೇಳಿದ. ಪಂಪಾವತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಮರುದಿನವೂ ಗೋಡೆಗೆ ಕೂರಿಸಿದಳು. ಅಂದೂ ಹಾಗೆಯೇ ಆಯಿತು. ಆಗ ಅವಳಿಗೆ ಅಟ್ಟದ ಮೇಲಿನ ಹೊರಸು ನೆನಪಾಯಿತು.

ಅದು ಅವರ ತಾಯಿ ಬಾಣಂತನದಲ್ಲಿ ಮಲಗುತ್ತಿದ್ದ ನುಲಿಮಂಚ, ಬಾಣಂತಿ ಹೊರಸು. ನುಲಿಯನ್ನು ಕಿಂಡಿ ಬಿಟ್ಟು ಹೆಣೆದಿದ್ದರು, ಕೆಳಗಿನ ಶಾಖ ಮೇಲೆ ಬರಲಿ ಎಂದು. ಹೆತ್ತು ಹಣ್ಣಾದ ಹೆಂಗಸನ್ನು ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಅಂಥ ಹೊರಸಿನ ಮೇಲೆ ಮಲಗಿಸುತ್ತಾರೆ. ಕೆಳಗೆ ಬೋಕಿಯಲ್ಲಿ, ಎಂದರೆ ಒಡೆದ ಗಡಿಗೆಯ ತಳದಲ್ಲಿ, ಸಗಣಿ ಕುಳ್ಳಿನ ಕೆಂಡ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಬೇವಿನೆಲೆ ಉದುರಿಸುತ್ತಾರೆ. ತಲೆ ಎತ್ತಲಾರದವಳು ಎದ್ದು ಓಡಾಡುವುದನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಆದರೆ ಗಂಡಸೊಬ್ಬ ಆ ಹೊರಸಿನ ಮೇಲೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

ಪಂಪಾವತಿ ಮಾತೆತ್ತಿದಾಗ ವಿರೂಪಾಕ್ಷಪ್ಪನ ಮುಖ ಕೆಂಪೇರಿತು.

“ನಾ ಏನ್ ಹಡದೀನೇನು?”

“ಹಡದಿಲ್ಲ. ಹಡದಾಕಿಗಿಂತ ಹಣ್ಣಾಗಿ. ಶಾಖಕ್ಕ ಗಂಡು ಹೆಣ್ಣು ಗೊತ್ತಾಕೈತೇನು?”

“ಓಣ್ಯಾಗ ಗೊತ್ತಾತು ಅಂದ್ರ? ಯಮನೂರಪ್ಪ ಸಾಯೂ ತನಕಾ ಆಡಕೋತಾನ.”

ಯಮನೂರಪ್ಪ ಅವನ ಗುಂಡೆತ್ತುವ ಗೆಳೆಯ, ಪ್ರತಿಸಲ ಮೊಣಕಾಲಿನ ಮಟ್ಟಕ್ಕೇ ಬಿಡುತ್ತಿದ್ದವನು. ಅವನ ನಗು ನೆನೆದರೆ ವಿರೂಪಾಕ್ಷಪ್ಪನಿಗೆ ಸಾವೇ ವಾಸಿ ಎನ್ನಿಸುತ್ತಿತ್ತು. ಕೊನೆಗೆ ಒಪ್ಪಿದ, ಆದರೆ ತಂಗಿಯ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿದ ಮೇಲೆ.

“ನಾ ಈ ಹೊರಸಿನ ಮ್ಯಾಲೆ ಮಲಗೂದು ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು. ಗೊತ್ತಾತಂದ್ರ ನಾ ಬಾವಿ ನೋಡ್ಕೊಂತೀನಿ.”

“ನನ್ನ ಬಾಯಿಂದ ಬರಂಗಿಲ್ಲ,” ಎಂದಳು ಪಂಪಾವತಿ. ಅವಳ ಬಾಯಿಂದ ಬರಲೂ ಇಲ್ಲ.

ನಡುಮನೆಗೆ ಹತ್ತಿದ ಕತ್ತಲಕೋಣೆಯಲ್ಲಿ ಹೊರಸು ಹಾಕಿದರು. ನಮ್ಮ ಓಣಿಯಲ್ಲಿ ಹೆಂಗಸರು ಒಬ್ಬರ ಮನೆಗೊಬ್ಬರು ಕೇಳದೆ ನುಗ್ಗುವವರೇ. ಅದಕ್ಕೆ ಅವನು ಮಲಗಿದ್ದಷ್ಟು ಹೊತ್ತೂ ಪಂಪಾವತಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಚಿಲಕ ಹಾಕಿದ ಕೋಣೆಯಲ್ಲಿ ಜೋಳದ ಚೀಲ ಬಿಟ್ಟು ಬೇರೇನಿರುತ್ತದೆ ಎಂದು ಬಂದವರು ತಿಳಿಯಬೇಕು.

ಕೆಂಡವನ್ನು ಬೂದಿಯಲ್ಲಿ ಹೂತು ಹದ ಮಾಡಿ ಇಡುತ್ತಿದ್ದಳು. ಅವನು ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕೌದಿ ಹೊದ್ದು ಮಲಗುತ್ತಿದ್ದ. ಮೊದಲು ಸೊಂಟಕ್ಕೆ, ಆಮೇಲೆ ಬೆನ್ನಿಗೆ, ಆಮೇಲೆ ಎಲ್ಲಿ ನೋಯುತ್ತಿದೆ ಎಂದು ಹೇಳಲು ಬಾರದ ಜಾಗಗಳಿಗೆಲ್ಲ ಶಾಖ ಇಳಿಯುತ್ತಿತ್ತು. ಬೆವರೊಡೆಯುವಷ್ಟರಲ್ಲಿ ಕೆಂಡ ತೆಗೆದು, ಕೌದಿಯನ್ನು ಇನ್ನಷ್ಟು ಬಿಗಿದು ಮಲಗಿಸುತ್ತಿದ್ದಳು. ಶಾಖ ಹೆಚ್ಚಾದ ದಿನ ತಲೆ ತಿರುಗುತ್ತಿತ್ತು, ಕಡಿಮೆಯಾದ ದಿನ ಏನೂ ಆಗುತ್ತಿರಲಿಲ್ಲ. ಹದ ಸಿಕ್ಕ ದಿನ ಮಾತ್ರ ಮೈ ತನ್ನದೇ ಎನ್ನಿಸುತ್ತಿತ್ತು. ಮಲಗುವಾಗ ನಾಚಿಕೆಯಿಂದ ಹಲ್ಲು ಕಚ್ಚುತ್ತಿದ್ದ. ಆದರೆ ಬೆಳಗಾದರೆ ಬೋಕಿಯ ಸಪ್ಪಳಕ್ಕೆ ಕಿವಿ ನಿಮಿರುತ್ತಿತ್ತು. ಹಾಗೆ ಆಸೆಪಡುವ ಮೈಯ ಮೇಲೆ ಅವನಿಗೇ ಅಸಹ್ಯವಾಗುತ್ತಿತ್ತು.

ಸ್ವಲ್ಪ ಸ್ವಲ್ಪ ಚೇತರಿಸಿಕೊಂಡ. ಹಿತ್ತಲಿಗೆ ಹೋಗಿ ಬಂದರೆ ಕೂರದೆ ನಿಲ್ಲಬಲ್ಲವನಾದ. ಅಷ್ಟಕ್ಕೇ ಹಳೆಯ ಮದ ತಲೆಗೇರಿತು. ತಂಗಿ ಅಂಗಡಿಗೆ ಹೋದಾಗ ಜೋಳದ ಚೀಲವೊಂದನ್ನು ಅಪ್ಪಿ ಎತ್ತಿದ, ಎತ್ತಿಯೂಬಿಟ್ಟ, ಮೀಸೆ ತಿರುವಿಕೊಂಡ. ಮರುದಿನ ಏಳಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಗಳಿಸಿದ್ದೆಲ್ಲ ಒಂದು ಚೀಲದ ಜತೆ ಹೋಯಿತು. ಪಂಪಾವತಿ ಬಯ್ಯಲಿಲ್ಲ. ಮತ್ತೆ ಮೊದಲಿನಿಂದ ಕೆಂಡ ಹದ ಮಾಡಲು ಕೂತಳು.

ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಮಾಳಿಗೆಯ ಬೆಳಕಿಂಡಿಗೆ ಎರಡೂ ಇರಲಿಲ್ಲ.

ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಅಲ್ಲಿಂದ ಎದ್ದು ದಿನವೂ ಓಣಿಯ ಮೇಲೆ ಹರಡಿತು. ಆ ವಾಸನೆ ಎಂಥದೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾಕು ಮನೆ ಆಚೆ ಇದ್ದರೂ ಮೂಗರಳಿಸಿ, ಯಾರ ಮನೆಯಲ್ಲಿ ಹೆರಿಗೆಯಾಯಿತು ಎಂದು ಹೇಳುವವರು. ಮೊದಲು ಮೂಗೆತ್ತಿದವಳು ಎದುರುಮನೆಯ ಹುಲಿಗವ್ವ. ಆ ಮನೆಯಲ್ಲಿ ಇರುವ ಹೆಂಗಸು ಒಬ್ಬಳೇ, ಅವಳಿಗೆ ಗಂಡನಿಲ್ಲ. ಇನ್ನೇನು ಬೇಕು? ಚಳಿಗಾಲವಿಡೀ ಪಂಪಾವತಿ ಕಂಬಳಿ ಹೊದ್ದುಕೊಂಡೇ ನೀರಿಗೆ ಬರುತ್ತಿದ್ದಳೆಂದು ಒಬ್ಬಳಿಗೆ ನೆನಪಾಯಿತು. ಓಣಿಯಲ್ಲಿ ಎಲ್ಲರೂ ಕಂಬಳಿ ಹೊದ್ದೇ ಬರುತ್ತಿದ್ದರೆಂಬುದು ಯಾರಿಗೂ ನೆನಪಾಗಲಿಲ್ಲ. ಬಾಣಂತಿ ದಿನವೂ ನೀರು ಹೊತ್ತು ಅಂಗಡಿಯಲ್ಲಿ ಹೇಗೆ ಕೂರುತ್ತಾಳೆಂದೂ ಯಾರೂ ಕೇಳಲಿಲ್ಲ. ಕೂಸಿನ ಅಳು ಕೇಳಲಿಲ್ಲವಲ್ಲ ಎಂದು ಒಬ್ಬಳು ಕೇಳಿದರೆ, ಬಾಯಿಗೆ ಅರಿವೆ ಇಟ್ಟಿರಬೇಕು ಎಂದು ಇನ್ನೊಬ್ಬಳು ತಣ್ಣಗೆ ಹೇಳಿದಳು. ವಿರೂಪಾಕ್ಷಪ್ಪ ಹೊರಗೆ ಮುಖ ತೋರಿಸದೆ ಒಳಗೇ ಇರುವುದಕ್ಕೂ ಈಗ ಕಾರಣ ಸಿಕ್ಕಿತು. ಪಾಪ, ತಂಗಿ ಹೀಗೆ ಮಾಡಿದರೆ ಅವನಾದರೂ ಹೇಗೆ ಮುಖ ತೋರಿಸಬೇಕು? ಇಷ್ಟು ದಿನ ಮೈಗಳ್ಳನಾಗಿದ್ದವನು ಒಮ್ಮೆಲೆ ಮರ್ಯಾದಸ್ಥನಾದ. ನಮ್ಮ ಓಣಿಯ ನ್ಯಾಯ ಅಂಥದು.

ಪಂಪಾವತಿ ಬಾವಿಗೆ ಬಂದರೆ ಕೊಡಗಳು ಬದಿಗೆ ಸರಿಯತೊಡಗಿದವು. ಅವಳಿಗೆ ತಿಳಿಯಿತು. ತಿಳಿದರೂ ನೀರು ಸೇದಿಕೊಂಡು ಮನೆಗೆ ಬಂದು ಕೆಂಡ ಹದ ಮಾಡಿದಳು.

ಅಣ್ಣನಿಗೆ ತಿಳಿದದ್ದು ಬಳೆಗಾರ್ತಿ ತಾಜಬೀಯಿಂದ. ಒಂದು ಬೆಳಿಗ್ಗೆ ಅವನು ಹೊರಸಿನ ಮೇಲಿದ್ದಾಗ ಅವಳು ಪಡಸಾಲೆಗೆ ಬಂದು ದನಿ ತಗ್ಗಿಸಿ ಮಾತಾಡಿದಳು. ತಗ್ಗಿಸಿದ ದನಿಯೇ ಕತ್ತಲಕೋಣೆಗೆ ಚೆನ್ನಾಗಿ ಕೇಳುತ್ತಿತ್ತು.

“ಪಂಪಕ್ಕಾ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಅಳವಿ ಬೀಜದ ಪಾಯಸಾ ತಂದೀನಿ, ಬಿಸಿ ಐತಿ, ಕುಡಿ. ಇದು ನನ್ನ ಮಗಳ ಕೂಸಿನ ಕುಂಚಿಗಿ. ಭಾಳ ಥಂಡಿ ಬಿಟ್ಟೈತಿ. ಕೂಸಿನ ನೆತ್ತಿ ಮುಚ್ಚು. ತಪ್ಪು ಯಾರದರೆ ಇರಲಿ, ಕೂಸೇನು ಮಾಡೈತಿ?”

ವಿರೂಪಾಕ್ಷಪ್ಪನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಮ್ಮೆಲೆ ಅರ್ಥವಾಯಿತು. ತಂಗಿ ಈಗ ಹೇಳುತ್ತಾಳೆ, ಕೂಸೂ ಇಲ್ಲ ಗೀಸೂ ಇಲ್ಲ, ಒಳಗೆ ನಮ್ಮಣ್ಣ ಮಲಗಿದ್ದಾನೆ ಎಂದು. ಅವಳು ಅದನ್ನು ಹೇಳಿಬಿಟ್ಟರೆ ಏನು ಗತಿ ಎಂದು ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡ.

“ಇಟ್ಟು ಹೋಗು ತಾಜಬೀ. ನಿನ್ನ ಉಪಕಾರ ಮರಿಯಂಗಿಲ್ಲ,” ಎಂದಳು ಪಂಪಾವತಿ.

ತಾಜಬೀ ಹೋದ ಮೇಲೆ ಪಂಪಾವತಿ ಚಿಲಕ ತೆಗೆದು ಒಳಗೆ ಬಂದು ಪಾಯಸದ ಬಟ್ಟಲನ್ನು ಅವನ ಮುಂದೆ ಹಿಡಿದಳು. ಕುಂಚಿಗೆ ಅವಳ ಹೆಗಲ ಮೇಲಿತ್ತು, ಕೂಸಿನ ತಲೆ ಬೆನ್ನು ಮುಚ್ಚುವ ಕೆಂಪು ಟೊಪ್ಪಿಗೆ, ಅಂಚಿಗೆ ಹಸಿರು ದಾರದ ಹೊಲಿಗೆ. ಅವನು ಅದನ್ನು ನೋಡಿದ, ಅವಳು ಅವನು ನೋಡಿದ್ದನ್ನು ನೋಡಿದಳು.

“ಯಾವಾಗಿಂದ ಹಿಂಗ ಅನ್ನಾಕತ್ತಾರ?” ಎಂದ.

“ಅಂದ್ರ ಅನ್ಲಿ. ಪಾಯಸಾ ಆರಿ ಹೋಕ್ಕೈತಿ, ಕುಡಿ.”

ಅವನು ಕುಡಿದ. ಬೇರೆ ಯಾರಾದರೂ ಆಗಿದ್ದರೆ ಆ ಬಟ್ಟಲನ್ನು ಪಕ್ಕಕ್ಕಿಟ್ಟು, ತಲೆಯ ಬಟ್ಟೆ ಕಿತ್ತೊಗೆದು ಹೊರಗೆ ನಡೆಯುತ್ತಿದ್ದರೇನೋ. ಇವನು ಕುಡಿದ, ತಳ ಕೂಡ ಬಿಡದೆ. ತಾನು ಪೂರಾ ಗುಣವಾಗಿ ಅಂಗಡಿಯಲ್ಲಿ ಕೂತರೆ ಓಣಿಯ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಂಗಡಿಯಲ್ಲಿ ಕೂರುವ ಮುಂಚೆಯೇ ಯಲಬುರ್ಗಿಯಿಂದ ಕಸ್ತೂರೆಮ್ಮ ಬಂದಿಳಿದಳು. ಹಂಪಣ್ಣನ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು, ಅಗಲ ಕುಂಕುಮದ ದೊಡ್ಡ ಹೆಂಗಸು. ಹಿಂದಿನ ಓಣಿಯ ನೆಂಟರ ಮನೆಯಲ್ಲಿ ಬಂಡಿ ಬಿಡಿಸಿ, ಸೀರೆ ಉಡಿಸುವ ದಿನ ಗೊತ್ತು ಮಾಡಲು ಹೇಳದೆ ಕೇಳದೆ ನಡೆದುಬಂದಳು. ಪಂಪಾವತಿ ಆಗತಾನೆ ಕೆಂಡ ಇಟ್ಟು ಚಿಲಕ ಹಾಕಿದ್ದಳು. ಹೊಗೆ ಮನೆ ತುಂಬ ಇತ್ತು.

ಕಸ್ತೂರೆಮ್ಮ ಪಡಸಾಲೆಯಲ್ಲಿ ಕೂತಳು. ಕಾಲಿಗೆ ಕೊಟ್ಟ ನೀರು ಮುಟ್ಟಲಿಲ್ಲ. ಕುಡಿಯಲು ಕೊಟ್ಟದ್ದನ್ನೂ ಮುಟ್ಟಲಿಲ್ಲ.

“ಓಣ್ಯಾಗ ಕಾಲಿಡೂದ್ರಾಗ ನನ್ನ ತಡದು ಹೇಳಿದ್ರವ್ವಾ. ನಾ ನಂಬಲಿಲ್ಲ. ಮನಿಗೆ ಬಂದ್ರ ವಾಸನಿ ಹೊಡಿಯಾಕತ್ತೈತಿ. ನಿಮ್ಮಣ್ಣ ಎಲ್ಲ್ಯದಾನ?”

“ಹೊರಗ ಹೋಗ್ಯಾನ್ರಿ.”

“ಎದ್ದು ಕುಂದ್ರಾಕ ಆಗವಲ್ದು ಅಂತಿದ್ರಿ. ಹೊರಗ ಹ್ಯಾಂಗ ಹೋದ?”

ಪಂಪಾವತಿ ನೀರಿನ ಚೊಂಬನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದಳು.

“ನೋಡವ್ವಾ, ನಮ್ಮ ಹಂಪಣ್ಣ ನಿನ್ನ ಮ್ಯಾಲೆ ಜೀವಾ ಇಟ್ಕೊಂಡು ಕುಂತಾನ. ನನಗೂ ನೀ ಬೇಕಾಗಿದ್ದಿ. ಆ ಕ್ವಾಣಿ ಬಾಗಲಾ ತಗದು ತೋರಸು. ಒಳಗ ಏನೂ ಇಲ್ಲ ಅಂದ್ರ, ಈ ಓಣಿ ಮಂದಿ ಬಾಯಿ ನಾ ಮುಚ್ಚಸ್ತೀನಿ.”

ಕೋಣೆಯೊಳಗೆ ವಿರೂಪಾಕ್ಷಪ್ಪ ಕೆಂಡದ ಮೇಲೆ ಮಲಗಿ ಇದನ್ನೆಲ್ಲ ಕೇಳಿದ. ಎದ್ದು ಬಾಗಿಲು ಬಡಿಯಬೇಕೆಂದುಕೊಂಡ. ಕಿವಿಗೆ ಕಟ್ಟಿದ ಬಟ್ಟೆ, ಮೈಮೇಲಿನ ಎಣ್ಣೆ, ಸೊಂಟದ ಮೇಲಿನ ಒಂದು ತುಂಡು ಅರಿವೆ ನೆನಪಾಯಿತು. ಈ ದೊಡ್ಡ ಹೆಂಗಸು ಯಲಬುರ್ಗಿಯವರೆಗೂ ಹೇಳಿಕೊಂಡು ಹೋಗುವುದು ನೆನಪಾಯಿತು. ಯಮನೂರಪ್ಪನ ನಗು ನೆನಪಾಯಿತು. ಆಗ ಹೊರಗೆ ತಂಗಿಯ ಹೆಜ್ಜೆ ಬಾಗಿಲ ಹತ್ತಿರ ಬಂತು, ಚಿಲಕ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಬಾಗಿಲು ಭದ್ರಮಾಡಿದಳು ಎಂದುಕೊಂಡ. ಎದೆ ಹಗುರಾಯಿತು.

ಹೆಜ್ಜೆ ದೂರ ಸರಿಯಿತು. ಬಹಳ ಹೊತ್ತು ಯಾರ ದನಿಯೂ ಇರಲಿಲ್ಲ.

“ಈ ಬಾಗಲಾ ತಗಿಯೂದು ನನ್ನ ಕೈಯಾಗ ಇಲ್ರಿ ಅಕ್ಕಾರ,” ಎಂದಳು ಪಂಪಾವತಿ.

“ನಾ ಒಬ್ರ ಮನಿ ಬಾಗಲಾ ದೂಡಾಕಿ ಅಲ್ಲ,” ಎಂದು ಕಸ್ತೂರೆಮ್ಮ ಎದ್ದಳು. “ನಾಳೆ ಮುಂಜಾನೆ ನನ್ನ ಬಂಡಿ ಹೊಂಡತೈತಿ. ಹಂಪಣ್ಣಗ ಏನ ಹೇಳಬೇಕೋ ಅದನ್ನ ಹೇಳ್ತೀನಿ.”

ಅವಳು ಹೋದ ಮೇಲೆ ಪಂಪಾವತಿ ಬಾಗಿಲು ನೂಕಿಕೊಂಡು ಒಳಗೆ ಬಂದಳು. ಕೆಂಡ ತೆಗೆದಳು, ಕೌದಿ ಬಿಗಿದಳು. ಮುಖದಲ್ಲಿ ಏನೂ ಇರಲಿಲ್ಲ. ಅವನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು.

“ಇನ್ನ ಅವಸರ ಇಲ್ಲ ಅಣ್ಣ. ಸಾವಕಾಶ ಆರಾಮಾಗು. ನಾ ಎಲ್ಲೂ ಹೋಗಂಗಿಲ್ಲ.”

ಆ ಮಾತು ಕೇಳಿದಾಗ ಅವನಿಗೆ ಮೊದಲು ಆದದ್ದು ಸಮಾಧಾನ. ಹೌದು, ಸಮಾಧಾನ. ರೊಟ್ಟಿ ಬೇಯುತ್ತದೆ, ಕೆಂಡ ಬರುತ್ತದೆ, ತಾನು ಒಬ್ಬನೇ ಆಗುವುದಿಲ್ಲ. ಹಾಗೆ ಸಮಾಧಾನವಾದದ್ದು ತನಗೇ ತಿಳಿದಾಗ ಅವನು ನಾಚಿಕೆಯಿಂದ ಕುಗ್ಗಿಹೋದ. ಓಣಿಯ ಮಾತಿಗೆ ಆದ ನಾಚಿಕೆ, ಹೊರಸು ಹತ್ತಿದ ನಾಚಿಕೆ, ಎಲ್ಲವೂ ಇದರ ಮುಂದೆ ಹುಡುಗಾಟ ಎನ್ನಿಸಿತು. ಆದರೂ ಮನಸ್ಸು ಒಂದು ಮೂಲೆಯಲ್ಲಿ ನೆಪ ಹುಡುಕಿಕೊಂಡು ಕೂತಿತ್ತು: ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ನಾನಾದರೂ ಏನು ಮಾಡಬೇಕಿತ್ತು? ಸಂಜೆಯವರೆಗೂ ಅದೇ ಮಾತನ್ನು ಹೊರಳಿಸಿ ಹೊರಳಿಸಿ ಹೇಳಿಕೊಂಡ.

ಬೆಳಗಾಯಿತು. ಪಂಪಾವತಿ ಹಿತ್ತಲಲ್ಲಿ ಒಲೆಗೆ ಕುಳ್ಳು ಒಟ್ಟುತ್ತಿದ್ದಳು. ಹಿಂದಿನ ಓಣಿಯಲ್ಲಿ ಎತ್ತುಗಳಿಗೆ ಗೆಜ್ಜೆಸರ ಕಟ್ಟುವ ಸದ್ದು ಕೇಳಿಸಿತು. ಯಲಬುರ್ಗಿ ದಾರಿ ಹಿಡಿಯಬೇಕಾದರೆ ಬಂಡಿ ಇವರ ಮನೆಯ ಮುಂದೆಯೇ ಹೋಗಬೇಕು. ವಿರೂಪಾಕ್ಷಪ್ಪ ಎದ್ದು ಹೊರಸಿನ ಕಾಲು ಹಿಡಿದು ಎಳೆದ.

ಕೋಣೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಹೊರಸಿನ ಮೇಲೇ ಕೂತು ದಣಿವಾರಿಸಿಕೊಂಡ. ಮತ್ತೆ ಎಳೆದ, ಮತ್ತೆ ಕೂತ. ಗುಂಡುಕಲ್ಲನ್ನು ಬೆನ್ನ ಹಿಂದೆ ಒಗೆದವನು ನುಲಿಯ ಹೊರಸೊಂದನ್ನು ಪಡಸಾಲೆ ದಾಟಿಸಲು ಏದುಸಿರು ಬಿಟ್ಟ. ಹೇಗೋ ಬೀದಿಗೆ ತಂದು, ಹನುಮಪ್ಪನ ಗುಡಿಗೂ ಗುಂಡುಕಲ್ಲಿಗೂ ಕಾಣುವಂತೆ ಓಣಿಯ ನಡುವೆ ಹಾಕಿದ. ತಲೆಗೆ ಬಟ್ಟೆ ಕಟ್ಟಿಕೊಂಡ. ಕೌದಿ ಹೊದ್ದು ಮಲಗಿದ.

“ಪಂಪಾ, ಕೆಂಡಾ ತಗೊಂಡ ಬಾ,” ಎಂದು ಕೂಗಿದ.

ಪಂಪಾವತಿ ಬಾಗಿಲಿಗೆ ಬಂದು ನಿಂತಳು. ಅವನನ್ನು ನೋಡಿದಳು, ಓಣಿಯನ್ನು ನೋಡಿದಳು, ಒಳಗೆ ಹೋದಳು. ಬೋಕಿಯಲ್ಲಿ ಕೆಂಡ ತಂದು ಹೊರಸಿನ ಕೆಳಗಿಟ್ಟು ಅಜವಾನ ಉದುರಿಸಿದಳು. ಹೊಗೆ ಎದ್ದಿತು.

ನಮ್ಮ ಓಣಿ ನೆರೆಯಲು ಹೊತ್ತು ಬೇಕಾಗಲಿಲ್ಲ. ಬಾಯಲ್ಲಿ ಬೇವಿನಕಡ್ಡಿ ಕಚ್ಚಿಕೊಂಡೇ ಯಮನೂರಪ್ಪ ಬಂದ. ಸುತ್ತ ಒಂದು ಸಲ ತಿರುಗಿ ನೋಡಿ, ಕಡ್ಡಿ ತೆಗೆದು ಕೇಳಿದ.

“ಏನಪಾ ವಿರೂಪಾಕ್ಷಿ, ಗಂಡೋ ಹೆಣ್ಣೋ?”

ಓಣಿ ಬಿದ್ದು ಬಿದ್ದು ನಕ್ಕಿತು. ಹುಡುಗರು ನಕ್ಕರು, ಮುದುಕರು ಕೆಮ್ಮುತ್ತ ನಕ್ಕರು. ಯಾವ ನಗುವಿಗೆ ಹೆದರಿ ಅವನು ಇಷ್ಟು ದಿನ ಅಡಗಿದ್ದನೋ ಆ ನಗು ಪೂರಾ ಮೈಮೇಲೆ ಬಿತ್ತು. ಸಾಯಲಿಲ್ಲ.

“ಬಾಣಂತಿ ನಾನ,” ಎಂದ. ದನಿ ಸಣ್ಣದಿತ್ತು, ಮತ್ತೆ ಹೇಳಿದ. “ಈ ಮನ್ಯಾಗ ಹೊರಸು ಹತ್ತಿದಾಂವ ನಾನ. ನನ್ನ ಮೈಯಾಗ ಕಸುವಿಲ್ಲ. ಶಾಖ ತಗೊಂಡ್ರ ಒಂದೀಟು ಏಳಾಕ ಬರ್ತೈತಿ. ಮತ್ತ ಯಾವ ಬಾಣಂತೀನೂ ಇಲ್ಲ, ಕೂಸೂ ಇಲ್ಲ. ಬಾಗಲಾ ತಗದೈತಿ, ಹೋಗಿ ನೋಡ್ರಿ.”

ನಾಚಿಕೆಯಿದ್ದವರು ಅಷ್ಟಕ್ಕೆ ನಿಲ್ಲುತ್ತಿದ್ದರು. ಹುಲಿಗವ್ವ ನಿಜವಾಗಿಯೂ ಒಳಗೆ ಹೋಗಿ, ಕತ್ತಲಕೋಣೆ, ಅಡುಗೆಮನೆ, ಹಿತ್ತಲು, ಅಟ್ಟವನ್ನೂ ಬಿಡದೆ ನೋಡಿ ಬಂದಳು. ಬಂದವಳು ಯಾರ ಕಡೆಯೂ ನೋಡದೆ ತನ್ನ ಮನೆಯ ಬಾಗಿಲು ಹಾಕಿಕೊಂಡಳು. ತಾಜಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಗೆಜ್ಜೆಸರದ ಬಂಡಿ ಬಂತು. ನಡುಬೀದಿಯಲ್ಲಿ ಹೊರಸಿದ್ದುದರಿಂದ ನಿಲ್ಲಲೇಬೇಕಾಯಿತು. ಕಸ್ತೂರೆಮ್ಮ ಇಳಿದು ಬಂದು, ಬಗ್ಗಿ ಬೋಕಿ ನೋಡಿದಳು, ಗಡ್ಡ ಬೆಳೆದ ಮುಖಕ್ಕೆ ಕಟ್ಟಿದ್ದ ಕಿವಿಬಟ್ಟೆ ನೋಡಿದಳು. ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಆಮೇಲೆ ಮುಖ ಗಟ್ಟಿಯಾಯಿತು.

“ನಿನ್ನೆ ನಾ ಬಂದಾಗ ಒಳಗ ಇದ್ದಾಂವ ನೀನೇನು?”

“ಹೌದ್ರಿ.”

“ನಾ ಆಡಿದ್ದೆಲ್ಲ ಕೇಳ್ತಿತ್ತೇನು?”

“ಕೇಳ್ತ್ರಿ.”

“ಮತ್ತ ಯಾಕ ಹೊರಗ ಬರಲಿಲ್ಲ?”

ವಿರೂಪಾಕ್ಷಪ್ಪ ತುಟಿ ಒರೆಸಿಕೊಂಡ.

“ಬಾಗಲಕ್ಕ ಹೊರಗಿಂದ ಚಿಲಕಾ ಹಾಕಿತ್ರಿ. ಇಲ್ಲಂದ್ರ ಬರ್ತಿದ್ದೆ.”

ಪಂಪಾವತಿ ಬೋಕಿಯ ಮುಂದೆ ಕೂತು ಕೆಂಡಕ್ಕೆ ಗಾಳಿ ಬೀಸುತ್ತಿದ್ದಳು. ಬೀಸುವ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬೀಸತೊಡಗಿತು.

ಕಸ್ತೂರೆಮ್ಮ ಅವಳ ಹತ್ತಿರ ಹೋಗಿ, ಹಣೆಯ ಮೇಲಿನ ಬೂದಿ ಒರೆಸಿದಳು. “ಇಷ್ಟು ಹೊಟ್ಟ್ಯಾಗ ಹಾಕ್ಕೊಂಡಿದ್ದೆಲ್ಲವ್ವಾ. ಯುಗಾದಿ ಆದ ಮ್ಯಾಲೆ ಸೀರಿ ತರತೀವಿ. ಈ ಗಡ್ಡದ ಬಾಣಂತಿ ಎದ್ದ ಅಂದ್ರ ಛಲೋ, ಏಳಲಿಲ್ಲ ಅಂದ್ರ ಹೊರಸಿನ ಸಮೇತ ಬಂಡ್ಯಾಗ ಹಾಕ್ಕೊಂಡು ಬಾ. ಯಲಬುರ್ಗ್ಯಾಗೂ ಕುಳ್ಳು ಸಿಗತಾವ.”

ಮತ್ತೆ ನಗು ಎದ್ದಿತು. ಈ ಸಲದ ನಗು ಹಗುರವಾಗಿತ್ತು. ತಾಜಬೀ ಒಳಗೆ ಹೋಗಿ ನೀರು ತಂದುಕೊಟ್ಟಳು, ಕಸ್ತೂರೆಮ್ಮ ಗಟಗಟನೆ ಕುಡಿದಳು. ಗಂಡಸರು ನಾಕು ಜನ ಸೇರಿ ಹೊರಸನ್ನು ಬಂಡಿಗೆ ದಾರಿಯಾಗುವಷ್ಟೇ ಸರಿಸಿದರು. ಸರಿಸುವಾಗ ಯಮನೂರಪ್ಪನೂ ಕೈಹಚ್ಚಿದ, ನಗದೆ. ಬಂಡಿ ಹೊರಟಿತು. ಓಣಿ ಒಬ್ಬೊಬ್ಬರಾಗಿ ಕರಗಿತು.

ವಿರೂಪಾಕ್ಷಪ್ಪನಿಗೆ ಬಹಳ ದಿನದ ಮೇಲೆ ಎದೆ ತೆರೆದು ಉಸಿರಾಡಿದ ಹಾಗಾಯಿತು. ತಂಗಿಯ ಹೆಸರು ಉಳಿಯಿತು, ಉಡಿಕೆ ಉಳಿಯಿತು. ತಾನು ನಡುಬೀದಿಯಲ್ಲಿ ಮಲಗಿ ಉಳಿಸಿದೆ. ಮೀಸೆಯ ಮೇಲೆ ಕೈಯೆಳೆದುಕೊಳ್ಳುವಷ್ಟು ಅಲ್ಲದಿದ್ದರೂ ಅದರ ಹತ್ತಿರದ ಒಂದು ಸುಖ ಒಳಗೆ ಹುಟ್ಟಿತು. ಬಿಸಿಲು ಏರುತ್ತಿತ್ತು, ಕೆಳಗಿನ ಶಾಖ ಹದವಾಗಿತ್ತು.

ಪಂಪಾವತಿ ಬೀಸಣಿಗೆ ಕೆಳಗಿಟ್ಟಳು.

“ಅಣ್ಣ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನೆ ಅಕ್ಕಾರು ಬಾಗಲಾ ತಗಿ ಅಂದಾಗ ನಾ ಬಂದು ಚಿಲಕಾ ತಗದಿದ್ನೆಲ್ಲ. ಆಣಿ ಹಾಕ್ಸಿದ್ದಿ, ನಾ ಬಾಯಿ ಬಿಡೂ ಹಂಗಿರಲಿಲ್ಲ. ಚಿಲಕಾ ತಗದು ನಿಂತೆ, ನೀನ ಬರ್ತಿ ಅಂತ. ಭಾಳ ಹೊತ್ತು ನೋಡಿದೆ. ಸದ್ದು ಕೇಳಲಿಲ್ಲೇನು?”

ಅವನಿಗೆ ಕೇಳಿತ್ತು. ಕೇಳಿ ಎದೆ ಹಗುರಾದದ್ದೂ ನೆನಪಿತ್ತು. ತೆಗೆದ ಸದ್ದನ್ನು ಹಾಕಿದ ಸದ್ದೆಂದು ತಿಳಿಯಲು ತನಗೆ ಎಷ್ಟು ಆಸೆಯಿತ್ತೆಂಬುದು ಈಗ ಗೊತ್ತಾಯಿತು.

“ಕೇಳಿತ್ತು,” ಎಂದ.

ಅವಳು ತಲೆಯಾಡಿಸಿದಳು. ಅವನ ಕಾಲಿನ ಮೇಲೆ ಸರಿದಿದ್ದ ಕೌದಿಯನ್ನು ಎಳೆದು ಸರಿಮಾಡಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ವಿರೂಪಾಕ್ಷಪ್ಪ ಗೋಡೆಯ ಕಡೆಗೆ ಮುಖ ಹೊರಳಿಸೋಣವೆಂದುಕೊಂಡ. ನಡುಬೀದಿಯಲ್ಲಿ ಗೋಡೆ ಇರಲಿಲ್ಲ.